ಸ್ವಂತ ಸಂಬಳ ಕೈಗೆ ಬರೋದಕ್ಕೂ ಕಮಿಷನ್ನಾ?

ನಾನು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಣಕಾಸು ಸಲಹೆಗಾರ್ತಿ. ನನ್ನ ಬಳಿ ಬರುವವರು ಹೋಟೆಲ್ ಅಡುಗೆಮನೆ, ಮನೆಗೆಲಸ, ಕಟ್ಟಡ ಕೆಲಸದವರು. ತಿಂಗಳ ಖರ್ಚು ಬರೆಸುವಾಗ ಬಾಡಿಗೆ, ದಿನಸಿ, ಬಸ್ಸು ಎಲ್ಲ ಹೇಳುತ್ತಾರೆ. ಚೆಕ್ ತೆಗೆದುಕೊಂಡು ನಗದು ಕೊಡುವ ಅಂಗಡಿಯವರಿಗೆ ಹೋದ ಕಮಿಷನ್ ಮಾತ್ರ ಹೇಳುವುದಿಲ್ಲ. ದುಡ್ಡು ಕೈಗೆ ಬರುವ ಮೊದಲೇ ಮುರಿದುಕೊಂಡಿರುತ್ತಾರಲ್ಲ, ಅದು ಖರ್ಚು ಅನ್ನಿಸುವುದೇ ಇಲ್ಲ.

ಊರಲ್ಲಿರುವವರಿಗೆ ಇದು ಹೊಸದಿರಬಹುದು. ಇಲ್ಲಿನ ಬಡ ಬಡಾವಣೆಗಳಲ್ಲಿ ಇಂಥ ಅಂಗಡಿಗಳಿವೆ. ಬ್ಯಾಂಕ್ ಖಾತೆ ಬೇಕಿಲ್ಲ. ದಪ್ಪ ಗಾಜಿನ ಕಿಂಡಿಯಲ್ಲಿ ಚೆಕ್ಕು, ಗುರುತಿನ ಚೀಟಿ ಕೊಟ್ಟರೆ ಅಲ್ಲೇ ನೋಟು ಎಣಿಸುತ್ತಾರೆ. ಅದಕ್ಕೆ ಅವರು ಮುರಿದುಕೊಳ್ಳುವ ಶುಲ್ಕಕ್ಕೆ ನ್ಯೂಯಾರ್ಕ್ ರಾಜ್ಯ 2023ರಲ್ಲಿ ಹಾಕಿದ ಮಿತಿ ಇಷ್ಟು: ಸರ್ಕಾರಿ ನೆರವಿನ ಚೆಕ್‌ಗೆ ಶೇ. 1.5, ಸಂಬಳದ ಚೆಕ್‌ಗೆ ಶೇ. 2.2. ಕ್ಯಾಲಿಫೋರ್ನಿಯಾದಲ್ಲಿ ಸಂಬಳದ ಚೆಕ್‌ಗೇ ಶೇ. 3ರಿಂದ 3.5. ಅಲ್ಲಿ ಖಾಸಗಿ ವ್ಯಕ್ತಿ ಬರೆದ ಚೆಕ್ ಆದರೆ ಶೇ. 12ರವರೆಗೂ ಕೀಳಬಹುದು.

ಎರಡು ಪರ್ಸೆಂಟ್ ತಾನೇ ಅನ್ನಬೇಡಿ. ವಾರಕ್ಕೆ 600 ಡಾಲರ್ ಸಂಬಳ ಅಂದುಕೊಳ್ಳಿ. ನ್ಯೂಯಾರ್ಕಿನಲ್ಲಿ ಪ್ರತಿ ಚೆಕ್‌ಗೆ 13 ಡಾಲರ್ 20 ಸೆಂಟ್ ಹೋಗುತ್ತದೆ. ವರ್ಷಕ್ಕೆ 686 ಡಾಲರ್. ಅಂದರೆ ಒಂದು ವಾರ ಪೂರ್ತಿ ದುಡಿದಿದ್ದು ಅಂಗಡಿಗೆ. ಖಾತೆ ಇಲ್ಲದವರು ಬಾಡಿಗೆ ಕಟ್ಟಲು ಅದೇ ಕಿಂಡಿಯಲ್ಲಿ ಮನಿ ಆರ್ಡರ್ ಕೊಳ್ಳುತ್ತಾರೆ, ಅದಕ್ಕೆ ಬೇರೆ ದುಡ್ಡು.

ಕಾನೂನಿನ ಮಿತಿಯೊಳಗೇ ಇದ್ದರೂ ನನ್ನ ಪ್ರಕಾರ ಇದು ಅನ್ಯಾಯ. 300 ಡಾಲರ್ ಚೆಕ್‌ಗೂ 1,200 ಡಾಲರ್ ಚೆಕ್‌ಗೂ ಕಿಂಡಿಯ ಕೆಲಸ ಒಂದೇ. ಶುಲ್ಕ ಮಾತ್ರ ನಾಲ್ಕು ಪಟ್ಟು. ಚೆಕ್ ಬೌನ್ಸ್ ಆದರೆ ನಷ್ಟ ನಮಗಲ್ವಾ ಅನ್ನುತ್ತಾರೆ ಅಂಗಡಿಯವರು. ಸರಿ, ಸರ್ಕಾರದ ಚೆಕ್ ಎಲ್ಲಿ ಬೌನ್ಸ್ ಆಗುತ್ತದೆ?

ಹಾಗಂತ ಅಲ್ಲಿಗೆ ಹೋಗುವವರನ್ನು ಬೈಯಬೇಡಿ. ಬ್ಯಾಂಕ್ ಠೇವಣಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಐಸಿಯ 2023ರ ಸಮೀಕ್ಷೆ ಪ್ರಕಾರ ಅಮೆರಿಕದಲ್ಲಿ ಸುಮಾರು 56 ಲಕ್ಷ ಕುಟುಂಬಗಳಿಗೆ ಬ್ಯಾಂಕ್ ಖಾತೆಯೇ ಇಲ್ಲ. ಮಿನಿಮಮ್ ಬ್ಯಾಲೆನ್ಸ್ ಇಡೋಕಾಗಲ್ಲ ಅನ್ನುವುದೇ ಜನ ಹೇಳುವ ದೊಡ್ಡ ಕಾರಣ. ಬ್ಯಾಂಕಿಗೆ ಹಾಕಿದ ಚೆಕ್ ಪಾಸಾಗಲು ದಿನಗಟ್ಟಲೆ ಬೇಕಾಗಬಹುದು, ಬಾಡಿಗೆ ಅಷ್ಟು ದಿನ ಕಾಯುವುದಿಲ್ಲ. ಖಾತೆಯಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಜಾಸ್ತಿ ಖರ್ಚಾದರೆ ಕೆಲವು ಬ್ಯಾಂಕುಗಳು ಒಂದೇ ಸಲಕ್ಕೆ 35 ಡಾಲರ್ ದಂಡ ಹಾಕುತ್ತವೆ. ಆ ಭಯದ ಮುಂದೆ 13 ಡಾಲರ್ ವಾಸಿ ಅನ್ನಿಸುತ್ತದೆ.

ನಾನು ಮೊದಲು ಕೇಳುವುದು 'ಬ್ಯಾಂಕ್ ಆನ್' ಪ್ರಮಾಣಪತ್ರದ ಖಾತೆ, ಅಂದರೆ ಕಡಿಮೆ ಖರ್ಚಿನದು ಅಂತ ಗುರುತಿಸಿದ ಬ್ಯಾಂಕ್ ಖಾತೆ, ತೆರೆಯಬಹುದಾ ಅಂತ. ತೆರೆಯಲು 25 ಡಾಲರ್‌ಗಿಂತ ಹೆಚ್ಚು ಕೇಳುವಂತಿಲ್ಲ, ಓವರ್‌ಡ್ರಾಫ್ಟ್ ದಂಡ ಇಲ್ಲ. ಆಮೇಲೆ ಸಂಬಳ ನೇರ ಖಾತೆಗೆ ಹಾಕಿ ಅಂತ ಮಾಲೀಕರನ್ನು ಕೇಳಿ. ಅವರು ಚೆಕ್ಕೇ ಕೊಟ್ಟರೆ, ಅದರ ಮೇಲೆ ಯಾವ ಬ್ಯಾಂಕಿನ ಹೆಸರಿದೆಯೋ ಅಲ್ಲಿಗೇ ಹೋಗಿ ಶುಲ್ಕ ಎಷ್ಟು ಅಂತ ವಿಚಾರಿಸಿ. ಅಂಗಡಿಗೇ ಹೋಗಬೇಕಾಗಿ ಬಂದರೆ ಗೋಡೆಯ ಮೇಲಿನ ದರಪಟ್ಟಿ ನೋಡಿ, ರಸೀದಿ ಕೇಳಿ ತೆಗೆದುಕೊಳ್ಳಿ. ಮಿತಿಗಿಂತ ಜಾಸ್ತಿ ಮುರಿದಿದ್ದರೆ ಆ ರಸೀದಿ ಇಟ್ಟುಕೊಂಡೇ ರಾಜ್ಯದ ಹಣಕಾಸು ಸೇವೆಗಳ ಇಲಾಖೆಗೆ ದೂರು ಕೊಡಬಹುದು.