ಹಳೆಯ ಫೋನ್ ಕೈಬಿಡುವ ಮುನ್ನ

ಮೈಸೂರಿನ ಸಣ್ಣ ಕಚೇರಿಗಳ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಇದ್ದೇನೆ. ದಸರಾ ಮತ್ತು ದೀಪಾವಳಿಯ ರಿಯಾಯಿತಿ ಮಾರಾಟ ಮುಗಿದ ಮರುವಾರ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಹೊಸ ಫೋನ್ ಕೊಂಡಾಗಿದೆ, ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಾಗಿದೆ, ಈಗ ಇಮೇಲ್ ತೆರೆಯುತ್ತಿಲ್ಲ.

ಅಂಥ ಒಂದು ಕರೆ ಲೆಕ್ಕಪರಿಶೋಧಕರೊಬ್ಬರದು. ಹಳೆಯ ಫೋನಿನ ಫೋಟೋಗಳು, ಸಂಪರ್ಕ ಸಂಖ್ಯೆಗಳು, ಆ್ಯಪ್‌ಗಳು ಎಲ್ಲವೂ ಹೊಸದಕ್ಕೆ ಬಂದಿದ್ದವು. ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆಗೆ ಕೇಳುವ ಕೋಡನ್ನು ತೋರಿಸುವ ಅಥೆಂಟಿಕೇಟರ್ ಆ್ಯಪ್‌ನ ಚಿಹ್ನೆಯೂ ಮೊದಲಿದ್ದ ಜಾಗದಲ್ಲೇ ಕಾಣುತ್ತಿತ್ತು. ಅದನ್ನು ನೋಡಿ ನೆಮ್ಮದಿಯಾದ ಅವರು ಹಳೆಯ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಅದರಲ್ಲಿದ್ದುದನ್ನೆಲ್ಲ ಅಳಿಸಿ, ಮನೆ ಬಾಗಿಲಿಗೆ ಬಂದ ಡೆಲಿವರಿ ಹುಡುಗನಿಗೆ ಒಪ್ಪಿಸಿದರು. ಸೋಮವಾರ ಬೆಳಿಗ್ಗೆ ಆ್ಯಪ್ ತೆರೆದಾಗ ಅದರೊಳಗೆ ಒಂದು ಕೋಡೂ ಇರಲಿಲ್ಲ. "ಪಾಸ್‌ವರ್ಡ್ ನೆನಪಿದೆ, ನಂಬರ್ ಅದೇ ಇದೆ, ನಾನೂ ನಾನೇ ಇದ್ದೀನಿ. ಇದಕ್ಕೆ ಇನ್ನೇನು ಬೇಕು ಸಾರ್?" ಎಂದು ಅವರು ಕೇಳಿದಾಗ ಅವರ ದನಿಯಲ್ಲಿದ್ದ ಸಂಕಟ ನನಗೆ ಈಗಲೂ ನೆನಪಿದೆ.

ಇದರಲ್ಲಿ ಅವರ ತಪ್ಪು ಬಹಳ ಕಡಿಮೆ. ಫೋನ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ವಸ್ತುವಿನಲ್ಲಿ ಭದ್ರತೆಯ ದೃಷ್ಟಿಯಿಂದ ಮೂರು ಬೇರೆ ಬೇರೆ ಸಂಗತಿಗಳಿವೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು, ನಮ್ಮ ಮೊಬೈಲ್ ಸಂಖ್ಯೆ. ಅದು ಸಿಮ್‌ನೊಂದಿಗೆ ಹೋಗುತ್ತದೆ. ಎರಡನೆಯದು, ಅಥೆಂಟಿಕೇಟರ್ ಆ್ಯಪ್‌ನೊಳಗಿನ ರಹಸ್ಯ ಕೀಲಿ. ನಾವೇ ಸಾಗಿಸದಿದ್ದರೆ ಅದು ಹಳೆಯ ಫೋನಿನಲ್ಲೇ ಉಳಿಯಬಹುದು. ಮೂರನೆಯದು, ಆ ಫೋನೇ. ಬ್ಯಾಂಕಿನ ಆ್ಯಪ್ ಗುರುತಿಸುವುದು ನಿರ್ದಿಷ್ಟವಾದ ಆ ಒಂದು ಸಾಧನವನ್ನು, ಆದ್ದರಿಂದ ಹೊಸ ಫೋನ್ ಅದರ ಪಾಲಿಗೆ ಅಪರಿಚಿತ.

ಹೆಚ್ಚು ಜನ ಎಡವುವುದು ಎರಡನೆಯದರಲ್ಲಿ. ಖಾತೆಗೆ ಎರಡು ಹಂತದ ದೃಢೀಕರಣವನ್ನು (ಪಾಸ್‌ವರ್ಡ್ ಆದ ಮೇಲೆ ಕೋಡನ್ನೂ ಕೇಳುವ ಏರ್ಪಾಡನ್ನು) ಹಾಕಿಕೊಳ್ಳುವಾಗ ನಾವು ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತೇವಲ್ಲ, ಆ ಕ್ಷಣದಲ್ಲಿ ಉದ್ದನೆಯ ಒಂದು ಕೀಲಿ ಫೋನಿನೊಳಗೆ ಸೇರುತ್ತದೆ. ಅದರದೇ ಇನ್ನೊಂದು ಪ್ರತಿ ಸೇವೆಯವರ ಸರ್ವರ್‌ನಲ್ಲಿರುತ್ತದೆ. ಮುಂದೆ ಎರಡೂ ಕಡೆ ಆ ಕೀಲಿಯನ್ನೂ ಆ ಹೊತ್ತಿನ ಸಮಯವನ್ನೂ ಸೇರಿಸಿ ಒಂದೇ ಲೆಕ್ಕ ಮಾಡಲಾಗುತ್ತದೆ, ಮತ್ತು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಆರು ಅಂಕಿಗಳ ಹೊಸ ಉತ್ತರ ಹೊರಬರುತ್ತದೆ. 2011ರಲ್ಲಿ ಆರ್‌ಎಫ್‌ಸಿ 6238 ಎಂಬ ಹೆಸರಿನ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಪ್ರಕಟವಾದ ವಿಧಾನ ಇದು. ಈ ಲೆಕ್ಕಕ್ಕೆ ಇಂಟರ್ನೆಟ್ಟೂ ಬೇಡ, ಸಿಮ್ಮೂ ಬೇಡ. ಗಡಿಯಾರ ಸರಿಯಿದ್ದರೆ ಸಾಕು. ಹೊಸ ಫೋನಿನಲ್ಲಿ ಕೋಡ್ ಬಂದರೂ ಖಾತೆ ಒಪ್ಪುತ್ತಿಲ್ಲ ಎಂದು ಯಾರಾದರೂ ದೂರಿದರೆ, ಸಮಯವು ತಾನಾಗಿ ಹೊಂದಿಕೊಳ್ಳುವ ಸೆಟ್ಟಿಂಗ್ ಚಾಲೂ ಇದೆಯೇ ಎಂದು ನಾನು ಮೊದಲು ನೋಡುವುದು ಇದೇ ಕಾರಣಕ್ಕೆ.

ಆ ಕೀಲಿ ಕಳ್ಳರ ಕೈಗೆ ಸಿಕ್ಕರೆ ಎರಡನೆಯ ಹಂತಕ್ಕೆ ಅರ್ಥವೇ ಉಳಿಯದು ಎಂಬ ಭಯದಿಂದ, ಬಹುಕಾಲ ಇಂಥ ಆ್ಯಪ್‌ಗಳು ಅದನ್ನು ಫೋನಿನ ಸಾಮಾನ್ಯ ಬ್ಯಾಕಪ್‌ನಿಂದ ಹೊರಗಿಟ್ಟವು. ಗೂಗಲ್ ಅಥೆಂಟಿಕೇಟರ್ 2010ರಲ್ಲೇ ಬಂದಿದ್ದರೂ, ಕೋಡ್‌ಗಳನ್ನು ಗೂಗಲ್ ಖಾತೆಯೊಂದಿಗೆ ಸಿಂಕ್ ಮಾಡುವ, ಅಂದರೆ ಆ ಖಾತೆಯಲ್ಲೂ ಪ್ರತಿ ಉಳಿಸುವ, ಸೌಲಭ್ಯ ಅದಕ್ಕೆ ಸೇರಿದ್ದು 2023ರ ಏಪ್ರಿಲ್‌ನಲ್ಲಿ. ಆ್ಯಪ್‌ನಲ್ಲಿ ಸೈನ್ ಇನ್ ಮಾಡದೆ ಬಳಸುವವರ ಕೀಲಿಗಳು ಇಂದಿಗೂ ಆ ಫೋನಿನಲ್ಲಿ ಮಾತ್ರ ಇರುತ್ತವೆ. ಅವರು ಹಳೆಯ ಫೋನಿನಲ್ಲಿ ಖಾತೆಗಳ ವರ್ಗಾವಣೆಯ ಆಯ್ಕೆಯನ್ನು ತೆರೆದು, ಅಲ್ಲಿ ಮೂಡುವ ಕ್ಯೂಆರ್ ಕೋಡನ್ನು ಹೊಸ ಫೋನಿನಿಂದ ಸ್ಕ್ಯಾನ್ ಮಾಡಬೇಕು. ಮೈಕ್ರೋಸಾಫ್ಟ್ ಅಥೆಂಟಿಕೇಟರ್‌ನ ಕಥೆ ಬೇರೆ: ಬ್ಯಾಕಪ್ ಇದ್ದರೂ ಕಚೇರಿಯ ಖಾತೆಗಳಲ್ಲಿ ಹೆಸರಷ್ಟೇ ಮರಳುತ್ತದೆ, ಮತ್ತೆ ಸೈನ್ ಇನ್ ಆಗಲೇಬೇಕು, ಆಂಡ್ರಾಯ್ಡ್‌ನಲ್ಲಿ ಮಾಡಿದ ಬ್ಯಾಕಪ್ಪು ಐಫೋನಿಗೆ ಬರುವುದಿಲ್ಲ. ಇಷ್ಟೆಲ್ಲ ಭೇದಗಳಿರುವಾಗ, ಹೊಸ ಫೋನಿನ ಪರದೆಯ ಮೇಲೆ ಎಲ್ಲವೂ ವರ್ಗಾವಣೆಯಾಗಿದೆ ಎಂಬ ಭಾವನೆ ಹುಟ್ಟುವಂತೆ ಸಂದೇಶ ತೋರಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು. ರೀಸೆಟ್ ಒತ್ತುವ ಮುನ್ನ 'ಅಥೆಂಟಿಕೇಟರ್ ತೆರೆದು ನೋಡಿದ್ದೀರಾ' ಎಂಬ ಒಂದು ಸಾಲಿನ ಪ್ರಶ್ನೆ ಇದ್ದಿದ್ದರೆ ಎಷ್ಟೋ ಜನರ ವಾರಗಳು ಉಳಿಯುತ್ತಿದ್ದವು.

ಯುಪಿಐ ಮತ್ತು ಬ್ಯಾಂಕ್ ಆ್ಯಪ್‌ಗಳ ವಿಷಯದಲ್ಲಿ ಜನರು ತಪ್ಪು ತಿಳಿದಿರುವುದು ಎಸ್‌ಎಂಎಸ್‌ನ ದಿಕ್ಕನ್ನು. ಒಟಿಪಿ ಹೊರಗಿನಿಂದ ನಮಗೆ ಬರುತ್ತದೆ. ಆದರೆ ಹೊಸ ಫೋನನ್ನು ನೋಂದಾಯಿಸುವಾಗ ನಮ್ಮ ಫೋನೇ ನಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳುಹಿಸುತ್ತದೆ, ಮತ್ತು ಅದು ಬ್ಯಾಂಕಿನಲ್ಲಿರುವ ಸಂಖ್ಯೆಯಿಂದಲೇ ಬಂದಿದೆಯೇ ಎಂದು ವ್ಯವಸ್ಥೆ ಪರೀಕ್ಷಿಸುತ್ತದೆ. ಎಸ್‌ಎಂಎಸ್ ಕಳುಹಿಸುವಷ್ಟು ಬ್ಯಾಲೆನ್ಸ್ ಇಲ್ಲದಿದ್ದರೆ ಅಥವಾ ಎರಡು ಸಿಮ್‌ಗಳಲ್ಲಿ ತಪ್ಪಾದುದನ್ನು ಆರಿಸಿದರೆ ನೋಂದಣಿ ವಿಫಲವಾಗುತ್ತದೆ, ಮತ್ತು ಪರದೆ ಕಾರಣವನ್ನು ಸ್ಪಷ್ಟವಾಗಿ ಹೇಳುವುದು ಅಪರೂಪ. ಹೊರದೇಶದಲ್ಲಿರುವ ನಮ್ಮ ಕನ್ನಡಿಗರು ಊರಿನ ಸಿಮ್ಮನ್ನು ಹೊಸ ಫೋನಿಗೆ ಹಾಕಿ ಪರದಾಡುವುದೂ ಇಲ್ಲಿಯೇ. ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುತ್ತಿದ್ದರೂ ಅಲ್ಲಿಂದ ಹೊರಡದಿದ್ದರೆ ಪ್ರಯೋಜನವಿಲ್ಲ. ನೋಂದಣಿಯಾದ ಮೇಲೂ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಳ ಮಿತಿ ಇರುತ್ತದೆ. ಆಸ್ಪತ್ರೆಯ ಬಿಲ್ಲೋ ಮಕ್ಕಳ ಕಾಲೇಜಿನ ಶುಲ್ಕವೋ ಕಟ್ಟಬೇಕಾದ ದಿನ ಫೋನ್ ಬದಲಿಸಬೇಡಿ ಎಂದು ನಾನು ಬೇಡಿಕೊಳ್ಳುವುದು ಅದಕ್ಕಾಗಿಯೇ.

ಹೊಸ ಫೋನ್ ಕೊಂಡ ದಿನವೇ ಸಿಮ್ಮನ್ನೂ ಇ-ಸಿಮ್‌ಗೆ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್‌ಗೆ) ಬದಲಾಯಿಸುವುದು ಇನ್ನೂ ದೊಡ್ಡ ಅನಾಹುತ. ದೂರಸಂಪರ್ಕ ಇಲಾಖೆ 2022ರ ನವೆಂಬರ್‌ನಲ್ಲಿ ನೀಡಿದ ಸೂಚನೆಯಂತೆ, ಸಿಮ್ ಬದಲಾದ ನಂತರ 24 ಗಂಟೆ ಆ ಸಂಖ್ಯೆಗೆ ಎಸ್‌ಎಂಎಸ್ ಬರುವುದೂ ಇಲ್ಲ, ಅದರಿಂದ ಹೋಗುವುದೂ ಇಲ್ಲ. ನಕಲಿ ದಾಖಲೆ ತೋರಿಸಿ ನಮ್ಮ ಸಂಖ್ಯೆಗೆ ಬೇರೆ ಸಿಮ್ ಪಡೆದು ಖಾತೆ ಬರಿದು ಮಾಡುವವರನ್ನು ತಡೆಯಲು ಬಂದ ನಿಯಮವಿದು, ಅದು ಅಗತ್ಯವೂ ಹೌದು. ಆದರೆ ಆ ಒಂದು ದಿನ ಒಟಿಪಿ ಬಾರದೆ, ನೋಂದಣಿಯೂ ಆಗದೆ ಪ್ರಾಮಾಣಿಕ ಗ್ರಾಹಕನೂ ಬಾಗಿಲ ಹೊರಗೇ ನಿಲ್ಲುತ್ತಾನೆ. ಎರಡು ಕೆಲಸಗಳ ನಡುವೆ ಒಂದು ವಾರದ ಅಂತರವಿರಲಿ.

ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನಗಳು ಎಸ್‌ಎಂಎಸ್ ಒಟಿಪಿಯ ಆಚೆಗಿನ ದೃಢೀಕರಣ ವಿಧಾನಗಳಿಗೂ ಪ್ರೋತ್ಸಾಹ ಕೊಡುತ್ತವೆ. ಅವುಗಳ ಪಾಲನೆಗೆ ಗೊತ್ತುಮಾಡಿದ ದಿನ 2026ರ ಏಪ್ರಿಲ್ 1. ಒಟಿಪಿ ಕದಿಯುವ ವಂಚನೆಗಳನ್ನು ದಿನವೂ ನೋಡುವ ನಾನು ಇದನ್ನು ಸ್ವಾಗತಿಸುತ್ತೇನೆ. ಆದರೆ ಭದ್ರತೆಯು ಸಂಖ್ಯೆಯಿಂದ ಸಾಧನಕ್ಕೆ ಸರಿದಷ್ಟೂ ಫೋನ್ ಬದಲಿಸುವ ದಿನದ ಭಾರ ಹೆಚ್ಚುತ್ತದೆ, ಮತ್ತು ಅದನ್ನು ಹಗುರ ಮಾಡುವ ಹೊಣೆ ಬ್ಯಾಂಕುಗಳ ಮೇಲಿದೆ. ಅರುವತ್ತು ದಾಟಿದ ಗ್ರಾಹಕರಿಗೆ ಶಾಖೆಯಲ್ಲಿ ಒಬ್ಬರು ಕುಳಿತು ಇದನ್ನು ಮಾಡಿಕೊಡಬೇಕು ಎಂಬುದು ನನ್ನ ಒತ್ತಾಯ.

ಲೆಕ್ಕಪರಿಶೋಧಕರ ಪ್ರಕರಣ ಮುಗಿಯಲು ಆರು ದಿನ ಬೇಕಾಯಿತು. ಅವರದು ಸಂಸ್ಥೆಯ ಸ್ವಂತ ಡೊಮೇನ್‌ನ, ಅಂದರೆ ಸಂಸ್ಥೆಯೇ ಕೊಂಡ ಇಂಟರ್ನೆಟ್ ಹೆಸರಿನ, ಇಮೇಲ್. ಅದರ ಖಾತೆಗಳನ್ನು ನಿರ್ವಹಿಸುವ ಅಡ್ಮಿನ್ ಅವರೊಬ್ಬರೇ. ಬೇರೆ ಅಡ್ಮಿನ್ ಇದ್ದಿದ್ದರೆ ಕೆಲವೇ ನಿಮಿಷಗಳಲ್ಲಿ ಒಳಗೆ ಬಿಡಬಹುದಿತ್ತು. ಇಲ್ಲದ್ದರಿಂದ, ಡೊಮೇನ್ ತಮ್ಮದೇ ಎಂದು ತೋರಿಸಲು ಅದರ ಡಿಎನ್‌ಎಸ್‌ನಲ್ಲಿ (ಆ ಹೆಸರಿನ ವಿಳಾಸ ಪಟ್ಟಿಯಲ್ಲಿ) ಒಂದು ದಾಖಲೆ ಸೇರಿಸಬೇಕಾಯಿತು; ಡೊಮೇನ್ ಮಾರಿದ ಕಂಪನಿಯ ಜಾಲತಾಣಕ್ಕೆ ಲಾಗಿನ್ ಆಗಲು ಹೋದರೆ ಅದರ ಒಟಿಪಿ ಹೋಗುವುದು ಇದೇ ಮುಚ್ಚಿಹೋದ ಇಮೇಲ್‌ಗೆ. ಫೋನ್ ಕೈಯಲ್ಲಿಲ್ಲದಾಗ ಬಳಸಲೆಂದು ಕೊಡುವ ಬ್ಯಾಕಪ್ ಕೋಡ್‌ಗಳನ್ನು ಅವರು ಇಳಿಸಿಕೊಂಡದ್ದು ನಿಜ, ಆದರೆ ಆ ಕಡತವೂ ಅದೇ ಖಾತೆಯ ಡ್ರೈವ್‌ನಲ್ಲಿತ್ತು: ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಕೊನೆಗೆ ಗುರುತಿನ ದಾಖಲೆಗಳನ್ನು ಕಳುಹಿಸಿ, ನಾಲ್ಕು ಬಾರಿ ಫೋನಿನಲ್ಲಿ ಮಾತನಾಡಿ ಆ ಸುತ್ತನ್ನು ಬಿಡಿಸಿದೆವು.

ಖಾತೆ ತೆರೆದ ಸಂಜೆ ಅವರ ಕಚೇರಿಯಲ್ಲಿ ಕುಳಿತು ಎಂಟು ಅಂಕಿಗಳ ಹತ್ತು ಬ್ಯಾಕಪ್ ಕೋಡ್‌ಗಳನ್ನು ಹೊಸದಾಗಿ ಪಡೆದು ಮುದ್ರಿಸಿದೆವು. ಒಂದು ಪ್ರತಿ ಮನೆಯ ಬೀರುವಿನಲ್ಲಿ ಠೇವಣಿ ಪತ್ರಗಳ ಜೊತೆಗಿದೆ. ಅವರ ಪಾಲುದಾರರ ಹೆಸರಿನಲ್ಲಿ ಎರಡನೆಯ ಅಡ್ಮಿನ್ ಖಾತೆಯನ್ನೂ ತೆರೆದೆವು. ಈ ವರ್ಷ ಅವರ ಪತ್ನಿಯವರಿಗೆ ಹೊಸ ಫೋನ್ ಬಂದಾಗ, ಅಥೆಂಟಿಕೇಟರ್ ತೆರೆದು, ಒಮ್ಮೆ ಹಣ ಕಳುಹಿಸಿ, ಪ್ರತಿ ಖಾತೆಗೂ ಹೊಸ ಫೋನಿನಿಂದಲೇ ಲಾಗಿನ್ ಆಗಿ ನೋಡುವವರೆಗೆ, ಹಳೆಯ ಫೋನ್ ಎರಡು ವಾರ ಅವರ ಮೇಜಿನ ಮೇಲೇ ಇತ್ತು.