ಗೋಡೆಯೊಳಗಿನ ಎಂಟು ತಂತಿಗಳು

ಕಲಬುರಗಿಯ ಸೇಡಂ ರಸ್ತೆಯ ಕಡೆ ನಾವು ಬಾಡಿಗೆಗೆ ಹಿಡಿದ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಮತ್ತು ಎರಡು ಕೋಣೆಗಳಲ್ಲಿ ಯಾರೂ ಮುಟ್ಟದ ಒಂದೊಂದು ನೆಟ್‌ವರ್ಕ್ ಸಾಕೆಟ್ ಇತ್ತು. ಗೋಡೆಗೆ ಬಣ್ಣ ಹೊಡೆದವರು ಅದರ ಬಾಯಿಗೂ ಒಂದಿಷ್ಟು ಬಳಿದಿದ್ದರು. ಹಾಲ್‌ನಲ್ಲಿಟ್ಟ ವೈ-ಫೈ ರೌಟರಿನ ಸಿಗ್ನಲ್ ಎರಡು ಗೋಡೆ ಮತ್ತು ಒಂದು ಕಾಂಕ್ರೀಟ್ ಕಂಬವನ್ನು ದಾಟಿ ಹಿಂದಿನ ಕೋಣೆ ಸೇರುವಷ್ಟರಲ್ಲಿ ಸೊರಗಿಹೋಗುತ್ತಿತ್ತು. 5 ಗಿಗಾಹರ್ಟ್ಸ್ ಅಲೆಗಳು 2.4 ಗಿಗಾಹರ್ಟ್ಸ್ ಅಲೆಗಳಿಗಿಂತ ಹೆಚ್ಚು ಮಾಹಿತಿ ಹೊತ್ತರೂ ಗೋಡೆಗೆ ಬೇಗ ಸೋಲುತ್ತವೆ. ಶಹಾಬಾದಿ ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಡೆಯೊಳಗೆ ತಂತಿ ಇರುವಾಗ ಅದನ್ನೇಕೆ ಬಳಸಬಾರದು ಎಂದು ಹೊರಟೆ.

ಸಾಕೆಟ್ಟಿನಲ್ಲಿ ಇಂಟರ್‌ನೆಟ್ ತಾನಾಗಿ ಇರುವುದಿಲ್ಲ. ಅದು ಒಂದು ತಂತಿಯ ತುದಿ ಮಾತ್ರ, ಇನ್ನೊಂದು ತುದಿ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ನಮ್ಮಲ್ಲಿ ಅದು ಬಾಗಿಲಿನ ಮೇಲೆ, ಎಂಸಿಬಿ ಬೋರ್ಡಿನ ಪಕ್ಕದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಕ್ಕಿತು: ಮೂರು ಬೂದು ಕೇಬಲ್‌ಗಳು ಸುರುಳಿ ಸುತ್ತಿಕೊಂಡಿದ್ದವು, ಯಾವುದಕ್ಕೂ ಹೆಸರಿರಲಿಲ್ಲ. ರೌಟರಿನಿಂದ ಹಾಲ್‌ನ ಸಾಕೆಟ್ಟಿಗೆ ಒಂದು ತಂತಿ ಕೊಟ್ಟು, ಪೆಟ್ಟಿಗೆಯಲ್ಲಿ ಹಲವು ಕೇಬಲ್‌ಗಳನ್ನು ಒಂದಕ್ಕೊಂದು ಬೆಸೆಯುವ, ಐದು ಪೋರ್ಟಿನ ಒಂದು ಚಿಕ್ಕ ನೆಟ್‌ವರ್ಕ್ ಸ್ವಿಚ್ ಇಟ್ಟು ಮೂರೂ ಕೇಬಲ್‌ಗಳನ್ನು ಅದಕ್ಕೆ ಸೇರಿಸಿದರೆ ಜಾಲ ಸಿದ್ಧ. ಆ ಸ್ವಿಚ್ಚಿಗೂ ಇನ್ವರ್ಟರ್ ಲೈನಿನಿಂದಲೇ ಕರೆಂಟ್ ಕೊಡಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ರೌಟರ್ ಉರಿಯುತ್ತಿದ್ದರೂ ಹಿಂದಿನ ಕೋಣೆಗೆ ಏನೂ ತಲುಪದು.

ನಮ್ಮ ಸಂಪರ್ಕ ಸೆಕೆಂಡಿಗೆ 300 ಮೆಗಾಬಿಟ್, ಅಂದರೆ 300 ಎಂಬಿಪಿಎಸ್‌ನದು. ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿಗೆ ತಂತಿ ಚುಚ್ಚಿ ಅಳೆದರೆ ಪ್ರತಿ ಸಲವೂ 94 ಬರುತ್ತಿತ್ತು. ಈ 94 ಒಂದು ಗುರುತಿನ ಸಂಖ್ಯೆ. ಮಾಹಿತಿ ತಂತಿಯ ಮೇಲೆ ಪೊಟ್ಟಣಗಳಾಗಿ (ಪ್ಯಾಕೆಟ್) ಸಾಗುತ್ತದೆ; ತುಂಬಿದ ಪ್ರತಿ ಪೊಟ್ಟಣ ಸಾಮಾನ್ಯವಾಗಿ 1,538 ಬೈಟ್‌ಗಳಷ್ಟು ಜಾಗ ಹಿಡಿಯುತ್ತದೆ. ವಿಳಾಸ, ತಾಳೆಯ ಅಂಕಿ, ಎರಡು ಪೊಟ್ಟಣಗಳ ನಡುವಿನ ಬಿಡುವು ಇವನ್ನೆಲ್ಲ ಕಳೆದರೆ ನಮ್ಮ ಮಾಹಿತಿಗೆ ಉಳಿಯುವುದು 1,448. ಅಂದರೆ 100ಕ್ಕೆ 94. ಎಲ್ಲೋ ಒಂದು ಕಡೆ ಸಂಪರ್ಕ 100 ಎಂಬಿಪಿಎಸ್‌ಗೆ ಇಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೇಬಲ್ಲಿನ ಎಂಟು ತಂತಿಗಳು ಬಣ್ಣದ ನಾಲ್ಕು ಜೋಡಿಗಳಾಗಿರುತ್ತವೆ. ಸಾಕೆಟ್ಟಿನ ಮುಖ ಬಿಚ್ಚಿದಾಗ ಕಂಡದ್ದು ಇದು: ಕಿತ್ತಳೆ ಮತ್ತು ಹಸಿರು ಜೋಡಿಗಳನ್ನು ಕೂರಿಸಿ, ನೀಲಿ ಮತ್ತು ಕಂದು ಜೋಡಿಗಳನ್ನು ಹಿಂದಕ್ಕೆ ಮಡಚಿ ಟೇಪ್ ಸುತ್ತಲಾಗಿತ್ತು. ನಮ್ಮ ಪರಿಚಯದ ವೈರ್‌ಮನ್ ನೋಡಿ, ‘ನಾಕು ವೈರ್ ಸಾಕ್ರಿ ಸರ, ಉಳದವು ಸುಮ್ನೆ ಅವ’ ಎಂದರು. ಅವರ ಮಾತು ಒಂದು ಕಾಲಕ್ಕೆ ಸರಿಯೇ ಆಗಿತ್ತು. 100 ಎಂಬಿಪಿಎಸ್ ಈಥರ್ನೆಟ್ಟಿಗೆ (ಇಂಥ ತಂತಿಜಾಲದ ಹೆಸರು) ಹೋಗಲು ಒಂದು ಜೋಡಿ, ಬರಲು ಒಂದು ಜೋಡಿ ಸಾಕು. 1999ರಲ್ಲಿ ಬಂದ ತಾಮ್ರದ ತಂತಿಯ ಗಿಗಾಬಿಟ್ (1,000 ಎಂಬಿಪಿಎಸ್) ಮಾನಕಕ್ಕೆ ನಾಲ್ಕೂ ಜೋಡಿ ಬೇಕು; ಪ್ರತಿ ಜೋಡಿಯಲ್ಲೂ 250 ಎಂಬಿಪಿಎಸ್ ಎರಡೂ ದಿಕ್ಕಿಗೆ ಏಕಕಾಲದಲ್ಲಿ ಹರಿಯುತ್ತದೆ. ಎರಡೂ ತುದಿಯ ಉಪಕರಣಗಳು ಒಟ್ಟಿಗೆ ಮಾತಾಡುತ್ತಲೇ, ತಮ್ಮ ದನಿಯನ್ನು ಕಳೆದು ಎದುರಿನ ದನಿಯನ್ನಷ್ಟೇ ಕೇಳಿಸಿಕೊಳ್ಳುತ್ತವೆ.

ಜೋಡಿಯ ಎರಡು ತಂತಿಗಳನ್ನು ಹಗ್ಗದಂತೆ ಹೊಸೆದಿರುವುದೇಕೆ ಎಂಬುದು ಇಡೀ ಕೇಬಲ್ಲಿನ ಮರ್ಮ. ಒಂದರಲ್ಲಿ ವೋಲ್ಟೇಜ್ ಏರಿದರೆ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತದೆ, ಆಚೆಯ ಉಪಕರಣ ಎರಡರ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ಕೂಲರಿನ ಮೋಟರೋ ಫ್ಯಾನಿನ ರೆಗ್ಯುಲೇಟರೋ ಎಬ್ಬಿಸುವ ವಿದ್ಯುತ್ ಗದ್ದಲ ಎರಡೂ ತಂತಿಗಳಿಗೆ ಸಮನಾಗಿ ತಟ್ಟಿದರೆ ವ್ಯತ್ಯಾಸದಲ್ಲಿ ಅದು ಅಳಿದುಹೋಗುತ್ತದೆ. ಸಮನಾಗಿ ತಟ್ಟಬೇಕಾದರೆ ಗದ್ದಲದ ಹತ್ತಿರ ಇರುವ ಸರದಿ ಎರಡಕ್ಕೂ ಬರುತ್ತಿರಬೇಕು, ಹೊಸೆಯುವುದು ಅದಕ್ಕಾಗಿಯೇ. ಅಲೆಗ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಟೆಲಿಫೋನ್ ತಂತಿಗಳಿಗಾಗಿ ಪೇಟೆಂಟ್ ಪಡೆದ ಉಪಾಯವಿದು. ಒಂದು ಜೋಡಿಯ ಮಾತು ಇನ್ನೊಂದಕ್ಕೆ ಸೋರದಿರಲೆಂದು ನಾಲ್ಕು ಜೋಡಿಗಳನ್ನೂ ಬೇರೆ ಬೇರೆ ಬಿಗಿಯಲ್ಲಿ ಹೊಸೆದಿರುತ್ತಾರೆ. ಆದ್ದರಿಂದ ಸಾಕೆಟ್ಟಿನಲ್ಲಿ ಕೂರಿಸುವಾಗ ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು, ಬಣ್ಣಗಳನ್ನು ತೋಚಿದಂತೆ ಜೋಡಿಸಲೂಬಾರದು. ಸಾಕೆಟ್ಟಿನ ಎಂಟು ಸ್ಥಾನಗಳಲ್ಲಿ ಮೂರನೆಯ ಮತ್ತು ಆರನೆಯದಕ್ಕೆ ಒಂದೇ ಜೋಡಿಯ ತಂತಿಗಳು ಹೋಗಬೇಕು. ಎರಡೂ ತುದಿಯಲ್ಲಿ ಒಂದೇ ತಪ್ಪು ಕ್ರಮ ಅನುಸರಿಸಿದರೆ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸುವ ಅಗ್ಗದ ಕೇಬಲ್ ಟೆಸ್ಟರಿನ ಎಂಟೂ ದೀಪಗಳು ಸರದಿಯಂತೆ ಹೊತ್ತುತ್ತವೆ, ಆದರೆ ಜೋಡಿ ಒಡೆದಿರುವುದರಿಂದ ಸಂಪರ್ಕ ಮಾತ್ರ ತಡವರಿಸುತ್ತದೆ.

ಇಲ್ಲಿನ ಬೇಸಿಗೆಯಲ್ಲಿ ಕಾದ ಗೋಡೆಯೊಳಗೆ ತಾಮ್ರದ ರೋಧ ಪ್ರತಿ 10 ಡಿಗ್ರಿಗೆ ಶೇಕಡಾ 4ರಷ್ಟು ಏರುತ್ತದೆ. 100 ಮೀಟರಿನ ಮಿತಿಯವರೆಗೆ ಎಳೆದ ಕೇಬಲ್ಲಿಗೆ ಅದು ಲೆಕ್ಕಕ್ಕೆ ಬರುತ್ತದೆ, ಮನೆಯೊಳಗಿನ 20 ಮೀಟರಿಗೆ ಇಲ್ಲ. 230 ವೋಲ್ಟಿನ ವೈರುಗಳ ಪೈಪಿನಲ್ಲೇ ಕೇಬಲ್ ಹಾದುಬಂದಿದ್ದರೆ ಮಾತ್ರ ಅದನ್ನು ಬಳಸಲೇಬಾರದು. ಅದು ಗದ್ದಲದ ಮಾತಲ್ಲ, ಜೀವದ ಮಾತು.

ಎಂಟೂ ತಂತಿ ಕೂರಿಸಿದ ಮೇಲೆ ಹಿಂದಿನ ಕೋಣೆಯ ಅಳತೆ 290ರ ಆಸುಪಾಸಿಗೆ ಬಂತು. ನಡುಕೋಣೆಯದು ಈಗಲೂ 94ರಲ್ಲೇ ಇದೆ: ಟೆಸ್ಟರಿನಲ್ಲಿ ಏಳನೆಯ ದೀಪ ಹೊತ್ತುವುದಿಲ್ಲ, ಆ ಸಾಕೆಟ್ಟಿನ ನೇರ ಮೇಲೆ ಗಡಿಯಾರ ತೂಗುಹಾಕಿದ ಮೊಳೆಯೊಂದಿದೆ, ಒಳಗಿನ ತಂತಿಯನ್ನು ಅದೇ ಕಡಿದಿರಬೇಕು. ಏಳನೆಯದು ಕಂದು ಜೋಡಿಯದು. ಕಿತ್ತಳೆ ಮತ್ತು ಹಸಿರು ಸುರಕ್ಷಿತವಾಗಿವೆ, 100 ಎಂಬಿಪಿಎಸ್ ನಡೆಯುತ್ತಿರುವುದು ಅವುಗಳಿಂದಲೇ. ಅಲ್ಲಿರುವುದು ಟಿವಿ, 4ಕೆ ವಿಡಿಯೊಗೆ ಸುಮಾರು 25 ಎಂಬಿಪಿಎಸ್ ಸಾಕು, ಹಾಗಾಗಿ ಮೊಳೆಯನ್ನು ಇನ್ನೂ ಕಿತ್ತಿಲ್ಲ.