ಬಿಡದಿಯಿಂದ ಹೊರಡೋ ಟೊಯೋಟಾ ಯಾವ ದೇಶದ ಕಾರು?

ಟೊಯೋಟಾ ಗ್ಲಾಂಝಾ ನೋಡಿ "ಇದು ಮಾರುತಿ ಬಲೆನೋನೇ ಅಲ್ವಾ" ಅಂದ್ರೆ ಹೌದು, ಅದೇ. ಮಾರುತಿ ಇನ್ವಿಕ್ಟೋ ಅಂದ್ರೆ ಟೊಯೋಟಾ ಹೈಕ್ರಾಸ್. 2022ರಲ್ಲಿ ಬಂದ ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯ ಟೊಯೋಟಾ ಫ್ಯಾಕ್ಟರಿಯಲ್ಲೇ ತಯಾರಾದವು. ಆಫ್ರಿಕಾದಲ್ಲಿ ಟೊಯೋಟಾ ಸ್ಟಾರ್ಲೆಟ್ ಅಂತ ಮಾರೋದೂ ಭಾರತದಿಂದ ಹೋದ ಬಲೆನೋನೇ. ತಲೆ ಕೆಡೋದು ಸಹಜ, ಆದ್ರೆ ಇದು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ.

ಮಗ್ಗ ಮಾಡ್ತಿದ್ದ ಮನೆತನದ ಕೀಚಿರೋ ಟೊಯೋಡಾ 1937ರಲ್ಲಿ ಕಾರ್ ಕಂಪನಿ ಕಟ್ಟಿದ್ದು, 1950ರಲ್ಲಿ ಸಾಲ ಮತ್ತು ಮುಷ್ಕರದಿಂದ ಅವರೇ ಕುರ್ಚಿ ಬಿಟ್ಟಿದ್ದು, ಆಮೇಲೆ ಬೇಕಾದಾಗ ಬೇಕಾದಷ್ಟೇ ಬಿಡಿಭಾಗ ತರಿಸೋ ಪದ್ಧತಿಯಿಂದ ಕಂಪನಿ ಎದ್ದು ನಿಂತಿದ್ದು, ಇದೆಲ್ಲ ಎಲ್ಲರಿಗೂ ಗೊತ್ತಿರೋ ಕತೆ. ನಿಜವಾದ ತಿರುವು ಬಂದಿದ್ದು 1980ರ ದಶಕದಲ್ಲಿ. ಅಮೆರಿಕಕ್ಕೆ ಹೋಗೋ ಜಪಾನಿ ಕಾರುಗಳಿಗೆ 1981ರಲ್ಲಿ ಮಿತಿ ಬಿತ್ತು, ಡಾಲರ್ ಬೆಲೆ ಇಳಿಸೋಕೆ ದೊಡ್ಡ ದೇಶಗಳು ಮಾಡ್ಕೊಂಡ 1985ರ ಪ್ಲಾಜಾ ಒಪ್ಪಂದ ಆದ್ಮೇಲೆ ಯೆನ್ ಬೆಲೆ ಏರಿ ರಫ್ತು ದುಬಾರಿ ಆಯ್ತು. ಸರಿ, ಕಾರನ್ನ ಹಡಗಲ್ಲಿ ಕಳ್ಸೋ ಬದಲು ಫ್ಯಾಕ್ಟರಿನೇ ಅಲ್ಲಿಗೆ ಒಯ್ಯೋಣ ಅಂತ ಮೊದಲು ಜನರಲ್ ಮೋಟಾರ್ಸ್ ಜೊತೆ ಕ್ಯಾಲಿಫೋರ್ನಿಯಾ, ಆಮೇಲೆ ಕೆಂಟಕಿ, ಬ್ರಿಟನ್.

ನಮ್ಮ ಕಡೆ ಕಿರ್ಲೋಸ್ಕರ್ ಜೊತೆ ಸೇರಿ 1997ರಲ್ಲಿ ಕಂಪನಿ ಆಯ್ತು, 2000ದಲ್ಲಿ ಕ್ವಾಲಿಸ್ ರಸ್ತೆಗಿಳೀತು. ಅದು ಇಂಡೋನೇಷ್ಯಾದ ಕಿಜಾಂಗ್ ಗಾಡಿಯ ನಮ್ಮೂರ ರೂಪ. ಬೆಂಗಳೂರಿನ ಕಾಲ್ ಸೆಂಟರ್ ಕ್ಯಾಬ್ ಅಂದ್ರೆ ಅದೇ ಅನ್ನೋ ಹಾಗಿತ್ತು. ಚೆನ್ನಾಗಿ ಓಡ್ತಿದ್ದ ಗಾಡಿನ ನಿಲ್ಸಿ 2005ರಲ್ಲಿ ಇನ್ನೋವಾ ತಂದ್ರು, ಹುಚ್ಚಾ ಅಂತ ಬೈದವರೂ ಇದ್ರು. ಆದ್ರೆ ಆ ನಿರ್ಧಾರ ಬಿಡದಿಯ ಸೇಲ್ಸ್ ನೋಡಿ ಆಗಿದ್ದಲ್ಲ. 2004ರಲ್ಲಿ ಶುರುವಾದ ಐಎಂವಿ ಅನ್ನೋ ಟೊಯೋಟಾದ ಹಲವು ದೇಶಗಳ ಯೋಜನೆಯಲ್ಲಿ ಒಂದೇ ಚಾಸಿ ಮೇಲೆ ಹೈಲಕ್ಸ್ ಪಿಕಪ್, ಇನ್ನೋವಾ, ಫಾರ್ಚುನರ್ ಮೂರನ್ನೂ ಕಟ್ಟಿದ್ರು. ಡೀಸೆಲ್ ಎಂಜಿನ್ ಥಾಯ್ಲೆಂಡ್‌ನಿಂದ, ಪೆಟ್ರೋಲ್ ಎಂಜಿನ್ ಇಂಡೋನೇಷ್ಯಾದಿಂದ, ಮ್ಯಾನ್ಯುಯಲ್ ಗೇರ್‌ಬಾಕ್ಸ್ ಫಿಲಿಪ್ಪೀನ್ಸ್ ಮತ್ತು ನಮ್ಮ ಬಿಡದಿಯಿಂದ. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ದೇಶಗಳು ತಮ್ಮೊಳಗೆ ಬಿಡಿಭಾಗಗಳ ಸುಂಕ ಇಳಿಸಿದ್ದೂ ಇದಕ್ಕೆ ದಾರಿ ಮಾಡ್ತು. ಮೈಸೂರು ರೋಡಲ್ಲಿ ಓಡಾಡೋ ಎಷ್ಟೋ ಜನಕ್ಕೆ ಪಕ್ಕದಲ್ಲೇ ತಯಾರಾದ ಗೇರ್‌ಬಾಕ್ಸ್ ಬೇರೆ ದೇಶದ ಪಿಕಪ್‌ನಲ್ಲಿ ಕೂತಿದೆ ಅಂತ ಗೊತ್ತೇ ಇರ್ಲಿಲ್ಲ.

ಆದ್ರೆ ಇಷ್ಟು ಜೋಡಿಸಿಟ್ಟ ಲೆಕ್ಕ ಒಂದು ಕಡೆ ಅಲ್ಲಾಡಿದ್ರೆ ಎಲ್ಲಾ ಕಡೆ ಅಲ್ಲಾಡುತ್ತೆ. 2011ರಲ್ಲಿ ಜಪಾನಿನ ಭೂಕಂಪ, ಅದೇ ವರ್ಷ ಥಾಯ್ಲೆಂಡಿನ ಪ್ರವಾಹ. 2015ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಗಾಡಿಗಳ ನೋಂದಣಿ ನಿಲ್ಲಿಸ್ತು, ಇನ್ನೋವಾ ಸೀದಾ ಸಿಕ್ಕಾಕೊಂಡಿತು. ಜಿಗಣಿಯಲ್ಲಿ ಡೀಸೆಲ್ ಎಂಜಿನ್ ಘಟಕ ಶುರುವಾಗ್ತಿದ್ದಿದ್ದೂ ಅದೇ ಹೊತ್ತಲ್ಲಿ! ನಿಷೇಧ 2016ರ ಆಗಸ್ಟಲ್ಲಿ ಹೋಯ್ತು, ಡೀಸೆಲ್ ಮೇಲಿನ ನಂಬಿಕೆ ಮಾತ್ರ ಪೂರ್ತಿ ವಾಪಸ್ ಬರ್ಲಿಲ್ಲ. ಹೈಬ್ರಿಡ್‌ಗೆ ಹೋಗೋಣ ಅಂದ್ರೆ 2025ರ ಸೆಪ್ಟೆಂಬರ್‌ವರೆಗೂ ಸೆಸ್ ಸೇರಿ 43% ತೆರಿಗೆ ಇತ್ತು, ಎಲೆಕ್ಟ್ರಿಕ್‌ಗೆ ಬರೀ 5%. ಸುಜುಕಿ ಜೊತೆ ಕೈ ಜೋಡಿಸಿದ್ದು ಈ ಇಕ್ಕಟ್ಟಿನ ಮಧ್ಯೆನೇ: ಅವರ ಸಣ್ಣ ಕಾರು ಇವರಿಗೆ, ಇವರ ಹೈಬ್ರಿಡ್ ಅವರಿಗೆ.

ಇನ್ನು ಬಿಡದಿ ಫ್ಯಾಕ್ಟರಿಯ ಲೈನ್ ಮೇಲೆ ನಿಂತ ಕಾರ್ಮಿಕರ ಕತೆ. 2014ರಲ್ಲಿ ಲಾಕೌಟ್, 2020ರ ನವೆಂಬರಲ್ಲಿ ಮತ್ತೆ ಲಾಕೌಟ್, ಅದು ತಿಂಗಳುಗಟ್ಟಲೆ ಎಳೀತು. ಕೆಲಸದ ಹೊರೆ ಜಾಸ್ತಿ ಅಂತ ಯೂನಿಯನ್, ಅಶಿಸ್ತು ಅಂತ ಕಂಪನಿ, ಮುಷ್ಕರ, ಲಾಕೌಟ್ ಎರಡನ್ನೂ ನಿಷೇಧಿಸಿದ್ದೀವಿ ಅಂತ ಸರ್ಕಾರ. ಒಬ್ಬೊಬ್ಬರ ಮಾತಲ್ಲೂ ಅರ್ಥ ಇತ್ತು ಅನ್ನಿ, ಆದ್ರೆ ಜಗತ್ತಿನ ಲೆಕ್ಕದಲ್ಲಿ ಉಳಿಸೋ ಒಂದೊಂದು ಸೆಕೆಂಡೂ ಕೊನೆಗೆ ಯಾರದೋ ಬೆನ್ನು, ಯಾರದೋ ಭುಜದಿಂದಲೇ ಬರಬೇಕು, ಅದು ಬ್ಯಾಲೆನ್ಸ್ ಶೀಟಲ್ಲಿ ಕಾಣಲ್ಲ.

2023ರ ನವೆಂಬರಲ್ಲಿ ಬಿಡದಿಗೆ 3,300 ಕೋಟಿಯ ಮೂರನೇ ಘಟಕ ಘೋಷಣೆ ಆಯ್ತು. ಖುಷಿ ಪಟ್ಟು ವರ್ಷ ಆಗೋಕೆ ಮುಂಚೆನೇ, 2024ರ ಜುಲೈನಲ್ಲಿ, ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದಲ್ಲಿ ಹೊಸ ಫ್ಯಾಕ್ಟರಿಗೆ ಸುಮಾರು 20,000 ಕೋಟಿಯ ಒಡಂಬಡಿಕೆ. ಇಲ್ಲಿರೋದಂತೂ ಎಲ್ಲೂ ಹೋಗಲ್ಲ, ಮುಂದಿನ ಮಾಡೆಲ್ ಎಲ್ಲಿಗೆ ಅನ್ನೋದಷ್ಟೇ ಈಗ ಚರ್ಚೆ.